ಅಮೆರಿಕದ ಫೆಡರಲ್ ನೌಕರಿ ಕೇಸುಗಳಲ್ಲಿ ಸರ್ಕಾರಿ ವಕೀಲರಾಗಿ ಕೆಲಸ ಮಾಡುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಅಮೆರಿಕದ ಫೆಡರಲ್ ಸರ್ಕಾರ ಒಬ್ಬ ನೌಕರನನ್ನು ಕೆಲಸದಿಂದ ತೆಗೆಯುತ್ತದೆ. ಅವನು ಮೇಲ್ಮನವಿ ಹಾಕುತ್ತಾನೆ. ಆಗ ಇಲಾಖೆಯ ಪರವಾಗಿ ನಿಲ್ಲುವವರು ಅದೇ ಇಲಾಖೆಯ ಸಂಬಳದಲ್ಲಿರುವ ವಕೀಲರು. ಅಲ್ಲಿ ಇಲಾಖೆಗೆ ಏಜೆನ್ಸಿ ಅನ್ನುತ್ತಾರೆ, ಈ ವಕೀಲರಿಗೆ ಏಜೆನ್ಸಿ ಕೌನ್ಸೆಲ್ ಅನ್ನುತ್ತಾರೆ. ಸೇನೆ, ಅಂಚೆ, ಮಾಜಿ ಸೈನಿಕರ ಆಸ್ಪತ್ರೆ, ತೆರಿಗೆ ಇಲಾಖೆ, ಹೀಗೆ ದೊಡ್ಡ ಏಜೆನ್ಸಿಗಳಲ್ಲೆಲ್ಲ ಇಂಥವರಿದ್ದಾರೆ.

ಈ ಕೆಲಸದ ಬಗ್ಗೆ ನಾನು ಮೊದಲು ಹೇಳಬೇಕಾದ್ದು ಇಷ್ಟು. ಇಂಥ ಕೇಸುಗಳಲ್ಲಿ ಹೆಚ್ಚಿನವು ಗೆಲ್ಲುವುದು ಅಥವಾ ಸೋಲುವುದು ವಿಚಾರಣೆಯ ದಿನ ಅಲ್ಲ. ನೌಕರನ ಕೈಗೆ ಮೊದಲ ನೋಟಿಸ್ ಹೋಗುವ ಮುಂಚಿನ ವಾರಗಳಲ್ಲೇ ಅದು ತೀರ್ಮಾನವಾಗಿರುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲೂ ಆ ಹಂತಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ಕೆಲಸ ಸಿಗುವ ದಾರಿ

ಅಮೆರಿಕದ ಯಾವುದಾದರೂ ಒಂದು ರಾಜ್ಯದ ಅಥವಾ ವಾಷಿಂಗ್ಟನ್ ಡಿಸಿಯ ಬಾರ್ ಸದಸ್ಯತ್ವ ಇದ್ದರೆ ಸಾಮಾನ್ಯವಾಗಿ ಸಾಕು. ಟೆಕ್ಸಸ್ ಲೈಸೆನ್ಸ್ ಇರುವವರು ವರ್ಜೀನಿಯಾದ ಕಚೇರಿಯಲ್ಲಿ ಕೆಲಸ ಮಾಡಬಹುದು. ಹುದ್ದೆಯ ಸರಣಿ ಸಂಖ್ಯೆ 0905, ಜನರಲ್ ಅಟಾರ್ನಿ. ಯುಎಸ್‌ಎ ಜಾಬ್ಸ್ ವೆಬ್‌ಸೈಟಿನಲ್ಲಿ ಈ ಸಂಖ್ಯೆ ಹಾಕಿ ಹುಡುಕಿ. ಹೊಸಬರು ಸಾಮಾನ್ಯವಾಗಿ ಜಿಎಸ್-11 ಅನ್ನುವ ಸಂಬಳ ಶ್ರೇಣಿಯ ಸುಮಾರಿಗೆ ಸೇರುತ್ತಾರೆ. ಅನುಭವಿಗಳು 13, 14ರಲ್ಲಿ ಇರುತ್ತಾರೆ.

ಈ ಹುದ್ದೆಗಳು ಎಕ್ಸೆಪ್ಟೆಡ್ ಸರ್ವೀಸ್‌ಗೆ ಸೇರಿವೆ. ಅಂದರೆ ಮಾಮೂಲಿ ಸ್ಪರ್ಧಾ ನೇಮಕಾತಿ ಇಲ್ಲ, ಏಜೆನ್ಸಿ ನೇರವಾಗಿ ಆರಿಸಿಕೊಳ್ಳಬಹುದು. ಇದಕ್ಕೆ ಇನ್ನೊಂದು ಮುಖವೂ ಇದೆ. ಮಾಜಿ ಸೈನಿಕರಿಗೆ ಸಿಗುವ ಆದ್ಯತೆ ನಿಮಗಿಲ್ಲದಿದ್ದರೆ, ಮೊದಲ ಎರಡು ವರ್ಷ ಕೆಲಸ ಹೋದರೆ ಮೇಲ್ಮನವಿಯ ಹಕ್ಕು ಸಾಮಾನ್ಯವಾಗಿ ನಿಮಗೇ ಇರುವುದಿಲ್ಲ. ಬೇರೆಯವರ ಈ ಹಕ್ಕಿನ ಬಗ್ಗೆ ದಿನವಿಡೀ ವಾದ ಮಾಡುವವರು ಇದನ್ನು ತಿಳಿದೇ ಸೇರಬೇಕು.

ಕರ್ನಾಟಕದಲ್ಲಿ ಎಲ್‌ಎಲ್‌ಬಿ ಮುಗಿಸಿ ಅಮೆರಿಕಕ್ಕೆ ಹೋದವರೂ ಈ ಬಗ್ಗೆ ಕೇಳುತ್ತಾರೆ. ಅಲ್ಲಿ ಎಲ್‌ಎಲ್‌ಎಂ ಮಾಡಿ ನ್ಯೂಯಾರ್ಕ್ ಅಥವಾ ಕ್ಯಾಲಿಫೋರ್ನಿಯಾ ಬಾರ್ ಪರೀಕ್ಷೆ ಬರೆಯುವುದು ಹಲವರು ಹಿಡಿಯುವ ದಾರಿ. ಆದರೆ ಕಾಲೇಜಿಗೆ ಫೀಸು ಕಟ್ಟುವ ಮೊದಲೇ ನಿಮ್ಮ ಪದವಿ ಒಪ್ಪುತ್ತಾರಾ ಅಂತ ಆ ರಾಜ್ಯದ ಬಾರ್ ಮಂಡಳಿಯಿಂದ ಲಿಖಿತವಾಗಿ ತಿಳಿದುಕೊಳ್ಳಿ. ದೊಡ್ಡ ಅಡ್ಡಿ ಬೇರೆ ಇದೆ. ಫೆಡರಲ್ ಹುದ್ದೆಗಳು ಬಹುಮಟ್ಟಿಗೆ ಅಮೆರಿಕದ ಪ್ರಜೆಗಳಿಗೆ ಮಾತ್ರ. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಈ ಬಾಗಿಲು ತೆರೆಯುವುದಿಲ್ಲ, ಗ್ರೀನ್ ಕಾರ್ಡ್ ಕೂಡ ಸಾಮಾನ್ಯವಾಗಿ ಸಾಲದು. ಅಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ, ಪೌರತ್ವ ಪಡೆದವರಿಗೆ ಇದು ಒಳ್ಳೆಯ ದಾರಿ. ಸರ್ಕಾರಿ ಸೇವೆಯಲ್ಲಿದ್ದು 120 ಅರ್ಹ ಕಂತು ಕಟ್ಟಿದರೆ ಉಳಿದ ಫೆಡರಲ್ ಶಿಕ್ಷಣ ಸಾಲ ಮನ್ನಾ ಆಗುವ ಯೋಜನೆಯೂ ಇದೆ. ಕಾನೂನು ಕಾಲೇಜಿನ ಸಾಲ ಹೊತ್ತವರಿಗೆ ಅದು ಸಣ್ಣ ಮಾತಲ್ಲ.

ಹಂತ 2: ಯಾವ ಕೇಸು ಎಲ್ಲಿಗೆ ಹೋಗುತ್ತದೆ

ನಮ್ಮಲ್ಲಿ ಸರ್ಕಾರಿ ನೌಕರರ ಕೇಸು ನೋಡುವ ಸಿಎಟಿ, ಕೆಎಟಿ ಇರುವ ಹಾಗೆ ಅಲ್ಲಿ ಎಂಎಸ್‌ಪಿಬಿ ಇದೆ. ಪೂರ್ತಿ ಹೆಸರು ಮೆರಿಟ್ ಸಿಸ್ಟಮ್ಸ್ ಪ್ರೊಟೆಕ್ಷನ್ ಬೋರ್ಡ್. 1978ರ ಸಿವಿಲ್ ಸರ್ವೀಸ್ ರಿಫಾರ್ಮ್ ಆ್ಯಕ್ಟ್ ಇದನ್ನು ಹುಟ್ಟುಹಾಕಿತು. ಕೆಲಸದಿಂದ ತೆಗೆಯುವುದು, 14 ದಿನಕ್ಕಿಂತ ಹೆಚ್ಚಿನ ಸಸ್ಪೆನ್ಷನ್, ಗ್ರೇಡ್ ಅಥವಾ ಸಂಬಳ ಇಳಿಸುವುದು, ಇವೆಲ್ಲ ಇಲ್ಲಿಗೆ ಬರುತ್ತವೆ.

ಒಂದು ವ್ಯತ್ಯಾಸವನ್ನು ನಮ್ಮ ಕಡೆಯವರು ಚೆನ್ನಾಗಿ ಗಮನಿಸಬೇಕು. ಭಾರತದಲ್ಲಿ ದೊಡ್ಡ ಶಿಕ್ಷೆ ಕೊಡುವ ಮೊದಲು ಇಲಾಖಾ ವಿಚಾರಣೆ ನಡೆಯುತ್ತದೆ. ಸಾಕ್ಷಿಗಳ ಪಾಟೀ ಸವಾಲು ಅಲ್ಲೇ ಆಗುತ್ತದೆ. ಸಂವಿಧಾನದ 311ನೇ ವಿಧಿ ಅದನ್ನು ಬಯಸುತ್ತದೆ. ಅಮೆರಿಕದಲ್ಲಿ ಇದು ತಿರುವುಮುರುವು. ಮೊದಲು ನೋಟಿಸ್, ನೌಕರನ ಉತ್ತರ, ಆದೇಶ. ಪೂರ್ತಿ ವಿಚಾರಣೆ ನಡೆಯುವುದು ಕೆಲಸ ಹೋದ ಮೇಲೆ, ಬೋರ್ಡಿನ ನ್ಯಾಯಾಧೀಶರ ಮುಂದೆ. ನೋಟಿಸ್ ಮತ್ತು ಉತ್ತರ ಕೊಡುವ ಅವಕಾಶ ಮಾತ್ರ ಮೊದಲೇ ಇರಲೇಬೇಕು ಅಂತ 1985ರ ಲೌಡರ್‌ಮಿಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಜನಾಂಗ, ಲಿಂಗ, ಧರ್ಮ, ವಯಸ್ಸು, ಅಂಗವೈಕಲ್ಯದ ತಾರತಮ್ಯದ ದೂರುಗಳು ಇಇಒಸಿ, ಅಂದರೆ ಸಮಾನ ಉದ್ಯೋಗಾವಕಾಶ ಆಯೋಗದ ದಾರಿ ಹಿಡಿಯುತ್ತವೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಅಕ್ರಮ ಬಯಲು ಮಾಡಿದ್ದಕ್ಕೆ ಸೇಡು ತೀರಿಸಿದರು ಅನ್ನುವ ದೂರುಗಳನ್ನು ಆಫೀಸ್ ಆಫ್ ಸ್ಪೆಷಲ್ ಕೌನ್ಸೆಲ್ ನೋಡುತ್ತದೆ. ಯೂನಿಯನ್ ಒಪ್ಪಂದ ಇರುವ ಕಡೆ ನೌಕರ ಬೋರ್ಡಿನ ಬದಲು ಆರ್ಬಿಟ್ರೇಷನ್‌ಗೆ, ಅಂದರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕು. ಕೆಲಸದಿಂದ ತೆಗೆದದ್ದು, ಅದಕ್ಕೆ ಕಾರಣ ತಾರತಮ್ಯ ಅನ್ನುವ ದೂರು, ಇವೆರಡೂ ಸೇರಿದರೆ ಅದು ಮಿಕ್ಸ್‌ಡ್ ಕೇಸ್. ಬೋರ್ಡಿನಲ್ಲಿ ಸೋತ ಮಿಕ್ಸ್‌ಡ್ ಕೇಸು ಮುಂದೆ ಡಿಸ್ಟ್ರಿಕ್ಟ್ ಕೋರ್ಟಿಗೆ ಹೋಗುತ್ತದೆ ಅನ್ನುವುದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಒಮ್ಮೆ, 2017ರಲ್ಲಿ ಇನ್ನೊಮ್ಮೆ ಬಿಡಿಸಿ ಹೇಳಬೇಕಾಯಿತು. ಕೇಸು ಕೈಗೆ ಬಂದ ದಿನವೇ ಇದು ಯಾವ ದಾರಿಯದು ಅಂತ ಒಂದು ಸಾಲು ಬರೆದಿಟ್ಟುಕೊಳ್ಳಿ.

ಹಂತ 3: ನೋಟಿಸ್ ಹೊರಡುವ ಮೊದಲು

ಒಬ್ಬ ಮ್ಯಾನೇಜರ್ ನಿಮಗೆ ಫೋನ್ ಮಾಡುತ್ತಾರೆ. "ಇವನ ಕಾಟ ಸಾಕಾಗಿದೆ, ತೆಗೆದುಬಿಡಬೇಕು" ಅನ್ನುತ್ತಾರೆ. ಆ ಮ್ಯಾನೇಜರ್ ನಿಮ್ಮ ಕಕ್ಷಿದಾರರಲ್ಲ. ನಿಮ್ಮ ಕಕ್ಷಿದಾರ ಏಜೆನ್ಸಿ. ಮ್ಯಾನೇಜರ್ ಒಳ್ಳೆಯವರೇ ಇರಬಹುದು, ಅವರ ಸಿಟ್ಟಿಗೆ ಕಾರಣವೂ ಇರಬಹುದು. ಆದರೂ "ಈಗ ಬೇಡ" ಅನ್ನುವ ಧೈರ್ಯ ನಿಮಗೆ ಬೇಕು. ಈ ಕೆಲಸದಲ್ಲಿ ಅದಕ್ಕಿಂತ ಬೆಲೆಯುಳ್ಳ ಗುಣ ನನಗೆ ಗೊತ್ತಿಲ್ಲ.

ಮೊದಲು ಕೇಳಬೇಕಾದ್ದು, ಇದು ನಡತೆಯ ತೊಂದರೆಯೋ, ಕೆಲಸದ ಗುಣಮಟ್ಟದ ತೊಂದರೆಯೋ? ಕಾನೂನಿನಲ್ಲಿ ಇವಕ್ಕೆ ಎರಡು ದಾರಿ.

ನಡತೆಗೆ ಅಮೆರಿಕದ ಕಾನೂನು ಸಂಹಿತೆಯ ಟೈಟಲ್ 5ರ ಚಾಪ್ಟರ್ 75. ಕನಿಷ್ಠ 30 ದಿನ ಮುಂಚಿತ ನೋಟಿಸ್, ಉತ್ತರಕ್ಕೆ ಕನಿಷ್ಠ 7 ದಿನ, ವಕೀಲರನ್ನು ಇಟ್ಟುಕೊಳ್ಳುವ ಹಕ್ಕು, ಕಾರಣ ಬರೆದ ಆದೇಶ. ಬೋರ್ಡಿನ ಮುಂದೆ ಏಜೆನ್ಸಿ ತನ್ನ ಮಾತೇ ಹೆಚ್ಚು ನಿಜ ಅಂತ ತೋರಿಸಬೇಕು. ತಕ್ಕಡಿ ಸ್ವಲ್ಪವಾದರೂ ತನ್ನ ಕಡೆ ವಾಲಬೇಕು.

ಕೆಲಸದ ಗುಣಮಟ್ಟಕ್ಕೆ ಚಾಪ್ಟರ್ 43. ಇಲ್ಲಿ ಸಾಕ್ಷ್ಯದ ಮಟ್ಟ ಇನ್ನೂ ಕಡಿಮೆ ಸಾಕು. ಬೋರ್ಡ್ ಶಿಕ್ಷೆಯನ್ನು ಇಳಿಸುವಂತೆಯೂ ಇಲ್ಲ. ಆದರೆ ಅದಕ್ಕೆ ಮೊದಲು ನೌಕರನಿಗೆ ಸುಧಾರಿಸಿಕೊಳ್ಳಲು ಸಮಯ ಕೊಡಬೇಕು, ಅದನ್ನು ಪಿಐಪಿ ಅನ್ನುತ್ತಾರೆ. 2021ರಲ್ಲಿ ನಾಸಾ ವಿರುದ್ಧದ ಸ್ಯಾಂಟೋಸ್ ಕೇಸಿನಲ್ಲಿ ಬೋರ್ಡಿನ ತೀರ್ಪುಗಳ ಮೇಲ್ಮನವಿ ಕೇಳುವ ಫೆಡರಲ್ ಸರ್ಕ್ಯೂಟ್ ಕೋರ್ಟ್ ಒಂದು ಮಾತು ಸೇರಿಸಿತು. ಪಿಐಪಿ ಶುರು ಮಾಡುವ ಮುಂಚೆಯೇ ಕೆಲಸ ಸರಿಯಿರಲಿಲ್ಲ ಅನ್ನುವುದನ್ನೂ ಏಜೆನ್ಸಿ ತೋರಿಸಬೇಕು. ಹಾಗಾಗಿ ಪಿಐಪಿಗೆ ಸಹಿ ಹಾಕುವ ಮೊದಲೇ ಹಿಂದಿನ ತಪ್ಪುಗಳ ಕಾಗದ ನಿಮ್ಮ ಫೈಲಿನಲ್ಲಿರಲಿ.

ಇನ್ನು ಆರೋಪ ಬರೆಯುವುದು. ಇದು ಒಂದು ಕಸುಬೇ ಸರಿ. ಆರೋಪಕ್ಕೆ ನೀವು ಕೊಟ್ಟ ಹೆಸರಿನ ಒಳಗೆ ಏನೇನು ಅಡಗಿದೆಯೋ ಅಷ್ಟನ್ನೂ ನೀವೇ ಸಾಬೀತು ಮಾಡಬೇಕು. "ಕಳ್ಳತನ" ಅಂತ ಬರೆದರೆ, ವಸ್ತುವನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಉದ್ದೇಶ ಇತ್ತು ಅಂತ ತೋರಿಸಬೇಕು. 1994ರ ಕಿಂಗ್ ವಿರುದ್ಧ ನ್ಯಾಜೆಲ್‌ರಾಡ್ ತೀರ್ಪು ಹೇಳುವುದು ಇದನ್ನೇ. "ಅನುಮತಿ ಇಲ್ಲದೆ ಸರ್ಕಾರಿ ವಸ್ತು ಮನೆಗೆ ಒಯ್ದದ್ದು" ಅಂತ ಬರೆದರೆ ಆ ಉದ್ದೇಶದ ತಲೆನೋವು ಇರುವುದಿಲ್ಲ. "ಸುಳ್ಳು ಹೇಳಿದ" ಅಂತ ಬರೆದರೆ ಮೋಸ ಮಾಡುವ ಮನಸ್ಸಿತ್ತು ಅಂತ ತೋರಿಸಬೇಕು. ಮ್ಯಾನೇಜರ್‌ಗಳಿಗೆ ಜೋರಾದ ಪದ ಇಷ್ಟ. ನೀವು ಸಾಬೀತು ಮಾಡಬಲ್ಲ ಪದ ಹುಡುಕಿ. ಒಂದೊಂದು ಆರೋಪದ ಕೆಳಗೂ ಯಾವತ್ತು, ಎಲ್ಲಿ, ಏನಾಯಿತು ಅಂತ ಬಿಡಿಬಿಡಿಯಾಗಿ ಬರೆಯಿರಿ. ಸಾಕ್ಷಿಯೇ ಇಲ್ಲದ ಘಟನೆಯನ್ನು ಸುಮ್ನೆ ಲೆಕ್ಕಕ್ಕೆ ಸೇರಿಸಬೇಡಿ. ಅದು ಬಿದ್ದಾಗ ಉಳಿದವುಗಳ ಮೇಲಿನ ನಂಬಿಕೆಯೂ ಅಲುಗಾಡುತ್ತದೆ.

ನೌಕರನ ಹೇಳಿಕೆ ಹೇಗೆ ಪಡೆದರು ಅಂತಲೂ ನೋಡಿ. ಯೂನಿಯನ್ ವ್ಯಾಪ್ತಿಯ ನೌಕರ ಶಿಕ್ಷೆಯ ಭಯದಿಂದ ಪ್ರತಿನಿಧಿ ಬೇಕು ಅಂತ ಕೇಳಿದ್ದನೇ? ಕ್ರಿಮಿನಲ್ ಕೇಸಿನ ಸಾಧ್ಯತೆ ಇತ್ತೇ? ಇದ್ದರೆ, ಉತ್ತರ ಕೊಡಲೇಬೇಕು ಅಂತ ಒತ್ತಾಯಿಸುವ ಮೊದಲು ಆ ಉತ್ತರವನ್ನು ಕ್ರಿಮಿನಲ್ ಕೇಸಿನಲ್ಲಿ ಬಳಸುವುದಿಲ್ಲ ಅಂತ ತಿಳಿಸಬೇಕು. ಇದಕ್ಕೆ ಕಾಲ್ಕೈನ್ಸ್ ಎಚ್ಚರಿಕೆ ಅನ್ನುತ್ತಾರೆ, 1973ರ ಒಂದು ಕೇಸಿನಿಂದ ಬಂದ ಹೆಸರು.

ಶಿಕ್ಷೆ ಎಷ್ಟು ಅನ್ನುವುದಕ್ಕೆ 1981ರ ಡಗ್ಲಾಸ್ ತೀರ್ಪಿನ 12 ಅಂಶಗಳಿವೆ. ತಪ್ಪಿನ ತೂಕ, ಹುದ್ದೆಯ ಸ್ವರೂಪ, ಹಿಂದಿನ ಶಿಕ್ಷೆ, ಸೇವೆಯ ವರ್ಷ, ಅದೇ ತಪ್ಪಿಗೆ ಬೇರೆಯವರಿಗೆ ಏನಾಯಿತು, ಸುಧಾರಿಸುವ ಸಾಧ್ಯತೆ, ಹೀಗೆ. ಫಾರ್ಮಿನಲ್ಲಿ 12 ಚೌಕಕ್ಕೂ "ಗಮನಿಸಲಾಗಿದೆ" ಅಂತ ಬರೆದರೆ ಏನೂ ಆಗಲಿಲ್ಲ. 20 ವರ್ಷ ಒಂದೂ ಕಪ್ಪುಚುಕ್ಕೆ ಇಲ್ಲದೆ ದುಡಿದವನನ್ನು ಮೊದಲ ತಪ್ಪಿಗೇ ತೆಗೆಯುವುದಾದರೆ, ಸಸ್ಪೆನ್ಷನ್ ಯಾಕೆ ಸಾಲದು ಅಂತ ಶಿಕ್ಷೆ ತೀರ್ಮಾನಿಸುವ ಅಧಿಕಾರಿ ತನ್ನ ಮಾತಿನಲ್ಲೇ ಹೇಳಬೇಕು. ಹೇಳಲು ಆಗದಿದ್ದರೆ ಶಿಕ್ಷೆ ಜಾಸ್ತಿ ಆಯಿತು ಅಂತಲೇ ಅರ್ಥ. ಆಗ ಸಲಹೆ ಬದಲಿಸಿ. ಅದು ಏಜೆನ್ಸಿಗೂ ಒಳ್ಳೆಯದು, ನೌಕರನಿಗೂ ನ್ಯಾಯ.

ತೀರ್ಮಾನ ಕೊಡುವ ಅಧಿಕಾರಿಗೆ ಒಂದು ಎಚ್ಚರಿಕೆ ಲಿಖಿತವಾಗಿಯೇ ಕೊಡಿ. ನೋಟಿಸ್‌ನಲ್ಲಿ ಇಲ್ಲದ ಹೊಸ ವಿಷಯವನ್ನು ಕಾರಿಡಾರಿನಲ್ಲಿ ಯಾರಾದರೂ ಹೇಳಿ, ಅದನ್ನು ಅವರು ಮನಸ್ಸಿಗೆ ತೆಗೆದುಕೊಂಡರೆ, ಇಡೀ ಆದೇಶವೇ ಬಿದ್ದು ಹೋಗಬಹುದು. 1999ರ ಸ್ಟೋನ್ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿತು. ಹೊಸ ವಿಷಯ ಬಂದರೆ ಅದನ್ನು ನೌಕರನಿಗೆ ತಿಳಿಸಿ, ಮತ್ತೆ ಉತ್ತರಕ್ಕೆ ಸಮಯ ಕೊಡಬೇಕು.

ಕೊನೆಗೆ, ಈ ನೌಕರ ಯಾವಾಗಲಾದರೂ ಅಕ್ರಮದ ಬಗ್ಗೆ ದೂರು ಕೊಟ್ಟಿದ್ದಾನೆಯೇ ಅಂತ ಕೇಳಿ. ಕೊಟ್ಟಿದ್ದರೆ, ಆ ದೂರು ಈ ಕ್ರಮಕ್ಕೆ ಒಂದು ಕಾರಣ ಅಂತ ಅವನು ತೋರಿಸಿದ ಮೇಲೆ ಭಾರ ನಿಮ್ಮ ಮೇಲೆ ಬೀಳುತ್ತದೆ. ದೂರು ಇಲ್ಲದಿದ್ದರೂ ಇದೇ ಕ್ರಮ ಕೈಗೊಳ್ಳುತ್ತಿದ್ದೆವು ಅಂತ ಬಹಳ ಗಟ್ಟಿ ಸಾಕ್ಷ್ಯದಿಂದ ತೋರಿಸಬೇಕು. ಸಾಕ್ಷ್ಯ ಎಷ್ಟು ಬಲ, ಸೇಡಿನ ಉದ್ದೇಶ ಎಷ್ಟು, ದೂರು ಕೊಡದವರು ಇದೇ ತಪ್ಪು ಮಾಡಿದಾಗ ಏನಾಯಿತು ಅನ್ನುವ ಮೂರನ್ನೂ ನೋಡುತ್ತಾರೆ. ಇವಕ್ಕೆ ಕಾರ್ ಅಂಶಗಳು ಅನ್ನುತ್ತಾರೆ, ಕಾರ್ ಅನ್ನುವವರ ಕೇಸಿನಿಂದ ಬಂದ ಹೆಸರು. ಉತ್ತರ ಕಷ್ಟ ಅನ್ನಿಸಿದರೆ ಮ್ಯಾನೇಜರ್‌ಗೆ ಅಲ್ಲೇ ನಿಲ್ಲಿಸಲು ಹೇಳಿ.

ಹಂತ 4: ಮೇಲ್ಮನವಿ ಬಂದ ಮೇಲೆ

ನೌಕರನಿಗೆ ಸಾಮಾನ್ಯವಾಗಿ 30 ದಿನ. ಅವನು ಮನವಿ ಹಾಕಿದ ಮೇಲೆ ನ್ಯಾಯಾಧೀಶರಿಂದ ಅಕ್ನಾಲೆಡ್ಜ್‌ಮೆಂಟ್ ಆರ್ಡರ್ ಬರುತ್ತದೆ. ಅದನ್ನು ಪೂರ್ತಿ ಓದಿ. ಎಲ್ಲ ಗಡುವುಗಳೂ ಅದರಲ್ಲೇ ಇರುತ್ತವೆ. ಏಜೆನ್ಸಿಯ ಉತ್ತರ ಮತ್ತು ದಾಖಲೆ ಫೈಲಿಗೆ ಮಾಮೂಲಾಗಿ 20 ದಿನ. ಎರಡೂ ಕಡೆಯವರು ಪರಸ್ಪರ ದಾಖಲೆ, ಉತ್ತರ ಕೇಳುವ ಡಿಸ್ಕವರಿ 30 ದಿನದೊಳಗೆ ಶುರುವಾಗಬೇಕು. ಬೋರ್ಡ್ ಮೊದಲ ತೀರ್ಪನ್ನು 120 ದಿನದೊಳಗೆ ಕೊಡುವ ಗುರಿ ಇಟ್ಟುಕೊಂಡಿದೆ. ಸಿವಿಲ್ ಕೋರ್ಟಿನ ವೇಗಕ್ಕೆ ಒಗ್ಗಿದವರಿಗೆ ಇದು ಓಟವೇ.

ಮೊದಲ ದಿನವೇ ಇಮೇಲ್, ಟೀಮ್ಸ್ ಚಾಟ್, ಫೋನ್ ಸಂದೇಶ ಅಳಿಸಬಾರದು ಅಂತ ಸಂಬಂಧಪಟ್ಟವರಿಗೆಲ್ಲ ಲಿಖಿತ ಸೂಚನೆ ಕಳಿಸಿ. ಆಮೇಲೆ ಮ್ಯಾನೇಜರ್‌ಗಳ ಚಾಟ್‌ಗಳನ್ನು ನೀವೇ ಕೂತು ಓದಿ. ನೌಕರನ ಬಗ್ಗೆ ಯಾರೋ ಕೊಂಕು ಆಡಿದ್ದರೆ ಅದು ಎದುರು ವಕೀಲರಿಗೆ ಸಿಗುವ ಮೊದಲು ನಿಮಗೆ ಗೊತ್ತಿರಬೇಕು. ಕೊಡಬೇಕಾದ ದಾಖಲೆಯನ್ನು ಕೊಡಿ, ನಿಮಗೆ ತೊಂದರೆ ಆಗುವಂಥದ್ದೂ ಸೇರಿ. ಎದುರು ನಿಂತವನು ಎಷ್ಟೋ ಸಲ ವಕೀಲರಿಲ್ಲದೆ ಬಂದ ಒಂಟಿ ನೌಕರ. ಸರ್ಕಾರದ ಬಲ ನಿಮ್ಮ ಹಿಂದಿದೆ. ಅವನಿಗೆ ನಿಯಮ ಗೊತ್ತಿಲ್ಲ ಅನ್ನುವುದನ್ನು ದಾಳ ಮಾಡಿಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಹಂತ 5: ಸಾಕ್ಷಿಗಳು ಮತ್ತು ವಿಚಾರಣೆ

ಇಲ್ಲಿ ಜ್ಯೂರಿ ಇಲ್ಲ. ಒಬ್ಬ ನ್ಯಾಯಾಧೀಶರು, ಎಷ್ಟೋ ಸಲ ವಿಡಿಯೋ ಮೂಲಕ. ಸಾಕ್ಷಿಯನ್ನು ಹೇಗೆ ನಂಬಬೇಕು ಅನ್ನುವುದಕ್ಕೆ 1987ರ ಹಿಲೆನ್ ತೀರ್ಪಿನ ಅಂಶಗಳನ್ನು ಬಳಸುತ್ತಾರೆ. ಘಟನೆ ನೋಡುವ ಅವಕಾಶ ಇತ್ತೇ, ಹಿಂದೆ ಬೇರೆ ಮಾತು ಹೇಳಿದ್ದರೇ, ಪಕ್ಷಪಾತ ಇದೆಯೇ, ಹೇಳಿದ್ದು ಸಹಜವಾಗಿದೆಯೇ, ಹೀಗೆ. ನಿಮ್ಮ ಸಾಕ್ಷಿಯನ್ನು ಸಿದ್ಧಪಡಿಸುವಾಗ ಇದೇ ಪಟ್ಟಿ ಎದುರಿಗಿಟ್ಟುಕೊಳ್ಳಿ.

ಮುಖ್ಯ ಸಾಕ್ಷಿ ತೀರ್ಮಾನ ಕೊಟ್ಟ ಅಧಿಕಾರಿ. ಅವರ ಜೊತೆ ಒಂದು ಗಂಟೆ ಕೂತರೆ ಸಾಲದು. "ಆದೇಶ ಯಾರು ಬರೆದರು?" ಅಂತ ಎದುರು ವಕೀಲರು ಕೇಳೇ ಕೇಳುತ್ತಾರೆ. ವಕೀಲರು ಕರಡು ಬರೆದುಕೊಟ್ಟಿದ್ದರೆ ತಪ್ಪಿಲ್ಲ, ಆದರೆ ತೀರ್ಮಾನ ಅವರದೇ ಆಗಿರಬೇಕು. ಅವರು ನಿಜ ಹೇಳಲಿ, ನೆನಪಿಲ್ಲದ್ದನ್ನು ನೆನಪಿಲ್ಲ ಅನ್ನಲಿ. ಬಾಯಿಪಾಠ ಮಾಡಿಸಿದ ಸಾಕ್ಷಿಯನ್ನು ಅನುಭವಿ ನ್ಯಾಯಾಧೀಶರು ಬೇಗ ಗುರುತಿಸುತ್ತಾರೆ.

ಹಂತ 6: ತಾರತಮ್ಯದ ದೂರುಗಳು

ಇದರ ನಡೆ ಬೇರೆ, ನಿಧಾನ. ಘಟನೆಯಾದ 45 ದಿನದೊಳಗೆ ನೌಕರ ಇಂಥ ದೂರು ಕೇಳುವ ಏಜೆನ್ಸಿಯ ಕೌನ್ಸೆಲರ್ ಹತ್ತಿರ ಹೋಗಬೇಕು. ಅಲ್ಲಿ ಬಗೆಹರಿಯದಿದ್ದರೆ, ನೋಟಿಸ್ ಬಂದ 15 ದಿನದೊಳಗೆ ಔಪಚಾರಿಕ ದೂರು. ಏಜೆನ್ಸಿ ಸಾಮಾನ್ಯವಾಗಿ 180 ದಿನದಲ್ಲಿ ತನಿಖೆ ಮುಗಿಸಬೇಕು. ವರದಿ ಕೈಗೆ ಬಂದ 30 ದಿನದೊಳಗೆ ಅವನು ಇಇಒಸಿ ನ್ಯಾಯಾಧೀಶರ ವಿಚಾರಣೆ ಕೇಳಬಹುದು, ಇಲ್ಲವೇ ಏಜೆನ್ಸಿಯದೇ ತೀರ್ಮಾನ ಕೇಳಬಹುದು.

ತನಿಖೆ ನಡೆಯುವಾಗ ನೀವು ದೂರ ಇರಬೇಕು. ಏಜೆನ್ಸಿಯೇ ತನ್ನ ವಿರುದ್ಧದ ದೂರನ್ನು ತನಿಖೆ ಮಾಡುವ ವ್ಯವಸ್ಥೆ ಇದು. ರಕ್ಷಣೆಯ ವಕೀಲರು ತನಿಖಾ ವರದಿಯನ್ನು ತಿದ್ದಿದರೆ ಆ ವ್ಯವಸ್ಥೆಗೆ ಬೆಲೆ ಇರುವುದಿಲ್ಲ. ಇಇಒಸಿಯ ಎಂಡಿ-110 ನಿರ್ದೇಶನ ಎರಡನ್ನೂ ಬೇರೆ ಇಡಿ ಅನ್ನುತ್ತದೆ. ಇದನ್ನು ಕಾಟಾಚಾರಕ್ಕೆ ಪಾಲಿಸುವುದಲ್ಲ.

ಕಾನೂನು ಇಲ್ಲಿ ಬೇಗ ಬದಲಾಗುತ್ತಿದೆ. ವಯಸ್ಸಿನ ತಾರತಮ್ಯದ ಬಗ್ಗೆ 2020ರ ಬ್ಯಾಬ್ ತೀರ್ಪು, ಭಾನುವಾರ ಕೆಲಸ ಮಾಡಲೊಲ್ಲದ ಅಂಚೆ ನೌಕರನ 2023ರ ಗ್ರಾಫ್ ತೀರ್ಪು, ವರ್ಗಾವಣೆಯಿಂದ ಆದ ಸ್ವಲ್ಪ ಹಾನಿಯೂ ಸಾಕು ಅಂದ 2024ರ ಮುಲ್ಡ್ರೋ ತೀರ್ಪು, ಮೂರೂ ಓದಲೇಬೇಕಾದವು. ಹಳೆಯ ಟೆಂಪ್ಲೇಟಿನಿಂದ ಅರ್ಜಿ ನಕಲು ಮಾಡಿದರೆ ಇಲ್ಲೇ ಸಿಕ್ಕಿಬೀಳುತ್ತೀರಿ. ನೋವಿಗೆ ಕೊಡುವ ಪರಿಹಾರಕ್ಕೆ ಮೇಲ್ಮಿತಿ 3,00,000 ಡಾಲರ್. ಹಿಂಬಾಕಿ ಸಂಬಳ, ವಕೀಲರ ಫೀಸು ಅದರಿಂದ ಹೊರಗೆ.

ಹಂತ 7: ರಾಜಿ

ರಾಜಿ ಸೋಲಲ್ಲ. ತೆಗೆದುಹಾಕಿದ್ದನ್ನು ರಾಜೀನಾಮೆಯಾಗಿ ಬದಲಿಸುವುದು, ಕೊನೆಯ ಅವಕಾಶ ಕೊಡುವ ಒಪ್ಪಂದ, ಬೇರೆ ಕಚೇರಿಗೆ ವರ್ಗ, ಒಂದಿಷ್ಟು ಹಣ, ದಾರಿಗಳು ಹಲವು. ದಾಖಲೆ ಶುಚಿ ಮಾಡಿಕೊಡುವ ಒಪ್ಪಂದಕ್ಕೆ 2018ರ ಒಂದು ಅಧ್ಯಕ್ಷೀಯ ಆದೇಶ ತಡೆ ಹಾಕಿತ್ತು, 2021ರಲ್ಲಿ ಅದು ರದ್ದಾಯಿತು. ಆಡಳಿತ ಬದಲಾದರೆ ಇಂಥವು ಬದಲಾಗುತ್ತವೆ, ಸಹಿಗೆ ಮುಂಚೆ ಅಂದಿನ ನಿಯಮ ನೋಡಿ.

ಹಣ ಎಲ್ಲಿಂದ ಬರುತ್ತದೆ ಅನ್ನುವುದೂ ಮುಖ್ಯ. ಆಡಳಿತ ಹಂತದ ರಾಜಿಯ ಹಣ ಏಜೆನ್ಸಿಯ ಬಜೆಟ್ಟಿನದು. ಕೋರ್ಟಿನ ಹಂತದಲ್ಲಿ ಜಡ್ಜ್‌ಮೆಂಟ್ ಫಂಡ್ ಅನ್ನುವ ಖಜಾನೆ ನಿಧಿ ಕೊಡುತ್ತದೆ. ಹಿಂದೆ ಕೆಲವರು "ಕೋರ್ಟಿಗೇ ಹೋಗಲಿ ಬಿಡಿ" ಅನ್ನುತ್ತಿದ್ದರೆ ಅದಕ್ಕೆ ಇದೂ ಒಂದು ಕಾರಣ. 2002ರ ನೋ ಫಿಯರ್ ಕಾಯ್ದೆ ಬಂದ ಮೇಲೆ ತಾರತಮ್ಯ, ಸೇಡಿನ ಕೇಸುಗಳಲ್ಲಿ ಏಜೆನ್ಸಿ ಆ ಹಣ ವಾಪಸ್ ಕಟ್ಟಬೇಕು. ಹಾಗಾಗಿ ತಳ್ಳಿಹಾಕುವುದರಲ್ಲಿ ಲಾಭ ಇಲ್ಲ ಅಂತ ಬಜೆಟ್ ವಿಭಾಗಕ್ಕೂ ನೀವು ಹೇಳಬಹುದು.

ಹಂತ 8: ಮುಂದಿನ ಕೋರ್ಟುಗಳು

ಮೊದಲ ತೀರ್ಪಿನ ಮೇಲೆ ಪೂರ್ಣ ಬೋರ್ಡಿಗೆ ಹೋಗಲು 35 ದಿನ. ನೌಕರ ಗೆದ್ದಿದ್ದು ಏಜೆನ್ಸಿ ಮೇಲೆ ಹೋದರೆ, ತೀರ್ಪಿನಲ್ಲಿ ಹೇಳಿದ ಮಧ್ಯಂತರ ಪರಿಹಾರವನ್ನು ಅಷ್ಟರಲ್ಲಿ ಕೊಡಬೇಕು. ಮರೆತರೆ ಮನವಿಯೇ ವಜಾ ಆಗಬಹುದು. ಪೂರ್ಣ ಬೋರ್ಡಿಗೆ ಕೋರಂ, ಅಂದರೆ ತೀರ್ಪು ಕೊಡಲು ಬೇಕಾದಷ್ಟು ಸದಸ್ಯರು ಇರಬೇಕು ಅನ್ನುವುದನ್ನೂ ಮರೆಯಬೇಡಿ. 2017ರ ಜನವರಿಯಿಂದ 2022ರ ಮಾರ್ಚ್‌ವರೆಗೆ ಅದು ಇರಲಿಲ್ಲ. ಸಾವಿರಾರು ನೌಕರರ ಕೇಸು ಹಾಗೇ ಕೊಳೆತವು. 2025ರಲ್ಲಿ ಒಬ್ಬ ಸದಸ್ಯರನ್ನು ತೆಗೆದ ಮೇಲೆ ಕೆಲವು ತಿಂಗಳು ಮತ್ತೆ ಕೋರಂ ಇರಲಿಲ್ಲ.

ಅಲ್ಲಿಂದ ಮುಂದೆ ಫೆಡರಲ್ ಸರ್ಕ್ಯೂಟ್, 60 ದಿನದ ಗಡುವು. ಬೋರ್ಡಿನಲ್ಲಿ ಸೋತ ಏಜೆನ್ಸಿ ತಾನೇ ಅಲ್ಲಿಗೆ ಹೋಗುವಂತಿಲ್ಲ. ಸಿಬ್ಬಂದಿ ಇಲಾಖೆಯಾದ ಒಪಿಎಂನ ನಿರ್ದೇಶಕರು ಮಾತ್ರ ಹೋಗಬಹುದು, ಅದೂ ಇಡೀ ನಾಗರಿಕ ಸೇವೆಯ ಕಾನೂನಿಗೆ ದೊಡ್ಡ ಪರಿಣಾಮ ಇದ್ದರೆ. ನ್ಯಾಜೆಲ್‌ರಾಡ್ ಕೇಸಿನ "ಕಿಂಗ್" ಅಂದಿನ ಒಪಿಎಂ ನಿರ್ದೇಶಕರೇ. ಈ ಕೋರ್ಟಿನಲ್ಲಿ ಸಾಮಾನ್ಯವಾಗಿ ವಾದಿಸುವವರು ನ್ಯಾಯ ಇಲಾಖೆಯ ವಕೀಲರು. ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಅಸಿಸ್ಟೆಂಟ್ ಯುಎಸ್ ಅಟಾರ್ನಿ. ತಾರತಮ್ಯದ ಕೇಸು ಅಲ್ಲಿ ಮೊದಲಿನಿಂದ ಶುರುವಾಗುತ್ತದೆ, ಜ್ಯೂರಿಯೂ ಇರಬಹುದು. ಸರ್ಕಾರಕ್ಕೆ ಉತ್ತರ ಹಾಕಲು 60 ದಿನ. ಆ ವಕೀಲರಿಗೆ ನೀವು ಕೊಡಬೇಕಾದ್ದು ಲಿಟಿಗೇಷನ್ ರಿಪೋರ್ಟ್, ಅಂದರೆ ಕೇಸಿನ ವಿವರಗಳ ವರದಿ. ಅದರಲ್ಲಿ ಕೇಸಿನ ದುರ್ಬಲ ಜಾಗಗಳನ್ನು ಮೊದಲ ಪುಟದಲ್ಲೇ ಬರೆಯಿರಿ. ಕೋರ್ಟಿನಲ್ಲಿ ಎದ್ದು ನಿಲ್ಲುವವರಿಗೆ ಅದು ಆಮೇಲೆ ಗೊತ್ತಾಗಬಾರದು, ಅಲ್ವಾ?

ಕೆಲಸ ಸಿಗುವ ಮುಂಚೆಯೇ ಕಲಿಯುವುದು

ಬೋರ್ಡಿನ ತೀರ್ಪುಗಳು ಅದರ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಏಜೆನ್ಸಿ ಸೋತ ತೀರ್ಪುಗಳನ್ನೇ ಆರಿಸಿ ಓದಿ. ಪ್ರತಿಯೊಂದರಲ್ಲೂ ನೋಟಿಸಿನ ಯಾವ ಸಾಲು ಕೈಕೊಟ್ಟಿತು ಅಂತ ಹುಡುಕಿ, ಆ ಸಾಲನ್ನು ನೀವೇ ಹೊಸದಾಗಿ ಬರೆದು ನೋಡಿ. ಇಇಒಸಿ ವಿಚಾರಣೆಗಳು ಸಾರ್ವಜನಿಕರಿಗೆ ಮುಚ್ಚಿವೆ. ಬೋರ್ಡಿನ ವಿಚಾರಣೆಗಳು ಸಾಮಾನ್ಯವಾಗಿ ತೆರೆದಿವೆ. ಹತ್ತಿರದ ಪ್ರಾದೇಶಿಕ ಕಚೇರಿಗೆ ಫೋನ್ ಮಾಡಿ, ಯಾವತ್ತು ವಿಚಾರಣೆ ಇದೆ ಅಂತ ಕೇಳಿ, ಒಂದು ದಿನ ಪೂರ್ತಿ ಕೂತು ತೀರ್ಮಾನ ಕೊಟ್ಟ ಅಧಿಕಾರಿಯ ಪಾಟೀ ಸವಾಲು ಕೇಳಿಸಿಕೊಳ್ಳಿ.